ಜ್ಞಾನ ಹರಡಿದ ದಾರಿ, ಹಣ ನಿಂತ ಜಾಗ

ಸಂಶ್ಲೇಷಿತ ಜೀವವಿಜ್ಞಾನದ ಸಂಶೋಧನೆ ಜಗತ್ತಿನಲ್ಲಿ ಎಲ್ಲೆಲ್ಲಿ ನಡೆಯುತ್ತಿದೆ, ಅದರಿಂದ ಎಷ್ಟು ಸಂಪತ್ತು ಹುಟ್ಟೀತು ಎಂಬ ವಿಷಯವನ್ನು ಇಂದಿನ ಉಪನ್ಯಾಸಕ್ಕೆ ಕೊಟ್ಟಿದ್ದೀರಿ. ಸಂಶೋಧನೆ ನಡೆಯುವ ಊರುಗಳನ್ನು ಒಂದು ಭೂಪಟದಲ್ಲಿ ಗುರುತು ಮಾಡಿ, ಅದರಿಂದ ದುಡ್ಡು ಹುಟ್ಟಿದ ಊರುಗಳನ್ನು ಇನ್ನೊಂದರಲ್ಲಿ ಗುರುತು ಮಾಡಿ ನೋಡಿ. ಎರಡೂ ತಾಳೆಯಾಗುವುದಿಲ್ಲ. ಏಕೆ ತಾಳೆಯಾಗುವುದಿಲ್ಲ ಎಂಬುದನ್ನೇ ನಾನು ಮುಖ್ಯವಾಗಿ ಹೇಳಬೇಕೆಂದಿದ್ದೇನೆ. ಸಭೆಯಲ್ಲಿ ವಿದ್ಯಾರ್ಥಿಗಳಿದ್ದೀರಿ, ಅಡಿಕೆ, ಮೆಣಸು ಬೆಳೆಯುವವರೂ ಇದ್ದೀರಿ. ಇಬ್ಬರಿಗೂ ಇದರಲ್ಲಿ ಪಾಲಿದೆ, ಇಬ್ಬರಿಗೂ ಇದರಿಂದ ಆತಂಕವೂ ಇದೆ.

ಮೊದಲಿಗೆ, ಇದು ಏನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಎಂಜಿನಿಯರುಗಳು ಯಂತ್ರ ಕಟ್ಟುವಂತೆ ಜೀವಕೋಶದೊಳಗೆ ವಂಶವಾಹಿಗಳನ್ನು ವಿನ್ಯಾಸ ಮಾಡಿ ಜೋಡಿಸಿ, ನಮಗೆ ಬೇಕಾದ ಕೆಲಸ ಮಾಡಿಸುವ ವಿದ್ಯೆ ಇದು. 1978ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮನುಷ್ಯನ ಇನ್ಸುಲಿನ್‌ನ ವಂಶವಾಹಿಯನ್ನು ಇ. ಕೋಲಿ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿ, ಅದರಿಂದ ಇನ್ಸುಲಿನ್ ತೆಗೆದರು. 1982ರಲ್ಲಿ ಅದು ಔಷಧಿಯಾಗಿ ಮಾರುಕಟ್ಟೆಗೆ ಬಂತು. ಅದು ಜೀವತಂತ್ರಜ್ಞಾನದ ಮೊದಲ ದೊಡ್ಡ ಗೆಲುವು. ಆದರೆ ಅಲ್ಲಿ ನಡೆದದ್ದು ಒಂದು ವಸ್ತುವಿನ ವಂಶವಾಹಿಯನ್ನು ಎತ್ತಿ ಇನ್ನೊಂದು ಜೀವಿಯಲ್ಲಿ ಇಟ್ಟ ಕೆಲಸ. 2000ದ ಜನವರಿಯಲ್ಲಿ ಒಂದೇ ವಿಜ್ಞಾನ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಬಂದವು. ಬಾಸ್ಟನ್ ವಿಶ್ವವಿದ್ಯಾಲಯದ ಮೂವರು ಬ್ಯಾಕ್ಟೀರಿಯಾದೊಳಗೆ ಎರಡು ಸ್ಥಿತಿಗಳ ಸ್ವಿಚ್ ಒಂದನ್ನು ವಂಶವಾಹಿಗಳಿಂದಲೇ ಕಟ್ಟಿದ್ದರು. ಪ್ರಿನ್ಸ್‌ಟನ್‌ನ ಇಬ್ಬರು ಮೂರು ವಂಶವಾಹಿಗಳು ಒಂದನ್ನೊಂದು ಸರದಿಯ ಮೇಲೆ ತಡೆಯುವಂತೆ ಜೋಡಿಸಿ, ಬ್ಯಾಕ್ಟೀರಿಯಾ ಬೆಳಗುತ್ತ ಆರುತ್ತ ಇರುವಂತೆ ಮಾಡಿದ್ದರು. ಜೀವಕೋಶದೊಳಗೆ ವಿನ್ಯಾಸ ಮಾಡಿ ಕಟ್ಟಬಹುದು, ಕಟ್ಟಿದ್ದು ಲೆಕ್ಕ ಹಾಕಿದಂತೆ ನಡೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಬಹುದು ಎಂಬ ಆತ್ಮವಿಶ್ವಾಸ ಅಲ್ಲಿಂದ ಬೆಳೆಯಿತು. ಈ ಕ್ಷೇತ್ರದ ಹುಟ್ಟನ್ನು ಬಹಳ ಮಂದಿ ಆ ಎರಡು ಪ್ರಬಂಧಗಳಿಂದಲೇ ಲೆಕ್ಕ ಹಾಕುತ್ತಾರೆ.

ನಾನು ಇನ್ನೂ ಮೂವತ್ತು ವರ್ಷ ಹಿಂದಕ್ಕೆ ಹೋಗಲು ಇಷ್ಟಪಡುತ್ತೇನೆ. ಜಗತ್ತಿನ ಮೊದಲ ಕೃತಕ ವಂಶವಾಹಿಯನ್ನು 1970ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದವರು ಹರಗೋವಿಂದ ಖೊರಾನಾ. ಪಂಜಾಬಿನ ರಾಯಪುರ ಎಂಬ ಹಳ್ಳಿಯಲ್ಲಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಡಾಕ್ಟರೇಟ್ ಮುಗಿಸಿ 1949ರಲ್ಲಿ ಭಾರತಕ್ಕೆ ಮರಳಿ ಬಂದಾಗ ಅವರಿಗೆ ಇಲ್ಲಿ ಕೆಲಸ ಸಿಗಲಿಲ್ಲ. ಡಿಎನ್‌ಎಯ ಒಂದೊಂದು ಘಟಕವನ್ನು ಒಂದು ಅಕ್ಷರ ಎಂದುಕೊಂಡರೆ, ಅವರು ಕಟ್ಟಿದ ಆ ವಂಶವಾಹಿಯ ಉದ್ದ ಕೇವಲ 77 ಅಕ್ಷರ ಜೋಡಿ. ಒಂದು ಇಡೀ ತಂಡ ವರ್ಷಗಟ್ಟಲೆ ದುಡಿದ ಫಲ ಅದು. ಇಂದು ಅಷ್ಟು ಉದ್ದದ ಡಿಎನ್‌ಎಯನ್ನು ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿ ಯಾವುದಾದರೂ ಕಂಪನಿಗೆ ಕಳುಹಿಸಿದರೆ, ಅಕ್ಷರವೊಂದಕ್ಕೆ ಕೆಲವೇ ರೂಪಾಯಿಗಳ ದರದಲ್ಲಿ ಪುಟ್ಟ ಕೊಳವೆಯಲ್ಲಿ ತುಂಬಿ ಕೊರಿಯರ್ ಮೂಲಕ ಕಳುಹಿಸುತ್ತಾರೆ. ಖೊರಾನಾ ಅವರಿಗೆ ಬೇಕಾಗಿದ್ದ ಪ್ರಯೋಗಾಲಯ, ಪರಿಣತರು, ವರ್ಷಗಳು ಇವಿಷ್ಟೂ ಒಂದು ಲಕೋಟೆಯೊಳಗೆ ಬಂದುಬಿಟ್ಟಿವೆ. ಈ ವಿದ್ಯೆ ಇಷ್ಟು ಬೇಗ ಭೂಮಿಯ ಮೂಲೆಮೂಲೆಗೆ ಹರಡಿದ್ದಕ್ಕೆ ಮೂಲ ಕಾರಣ ಇದೇ.

ಹರಡಿದ ಬಗೆಯನ್ನು ಅಳೆಯಲು ಪ್ರಬಂಧಗಳನ್ನು ಎಣಿಸುವವರಿದ್ದಾರೆ. ನನಗೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಎನ್ನಿಸುವುದು ಐಜೆಮ್ ಎಂಬ ವಿದ್ಯಾರ್ಥಿ ಸ್ಪರ್ಧೆ. 2003ರಲ್ಲಿ ಬಾಸ್ಟನ್ ಪಕ್ಕದ ಎಂಐಟಿಯಲ್ಲಿ ರಜೆಯ ತರಗತಿಯಾಗಿ ಶುರುವಾದದ್ದು, 2004ರಲ್ಲಿ ಐದು ತಂಡಗಳ ಸ್ಪರ್ಧೆಯಾಯಿತು. ಪದವಿ ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಏನಾದರೂ ಒಂದು ಜೀವಿಯಂತ್ರ ಕಟ್ಟಿ ತರಬೇಕು, ಕಟ್ಟಿದ ಭಾಗಗಳನ್ನು ಮುಂದಿನವರಿಗೆ ಬಿಟ್ಟುಕೊಡಬೇಕು. 2006ರಲ್ಲಿ ಮೊದಲ ಬಹುಮಾನ ಗೆದ್ದವರು ಹಾರ್ವರ್ಡಿನವರೂ ಅಲ್ಲ, ಎಂಐಟಿಯವರೂ ಅಲ್ಲ. ಸ್ಲೊವೇನಿಯಾ ಎಂಬ ಪುಟ್ಟ ದೇಶದ ಹುಡುಗರು. ಮರುವರ್ಷ ಪೀಕಿಂಗ್ ವಿಶ್ವವಿದ್ಯಾಲಯ ಗೆದ್ದಿತು. 2008ರಲ್ಲಿ ಮತ್ತೆ ಸ್ಲೊವೇನಿಯಾ. ಈಗ ಪ್ರತಿವರ್ಷ ಮುನ್ನೂರಕ್ಕೂ ಹೆಚ್ಚು ತಂಡಗಳು ಬರುತ್ತವೆ, ಅವುಗಳಲ್ಲಿ ಚೀನಾದ ತಂಡಗಳದ್ದೇ ದೊಡ್ಡ ಪಾಲು. ಸ್ಪರ್ಧೆಯ ಕೊನೆಯ ಕೂಟವೇ ಬಾಸ್ಟನ್ ಬಿಟ್ಟು ಪ್ಯಾರಿಸ್‌ಗೆ ಹೋಗಿದೆ.

2006ರ ಆ ಸ್ಪರ್ಧೆಯಲ್ಲಿ ಬೆಂಗಳೂರಿನ ಎನ್‌ಸಿಬಿಎಸ್ ತಂಡವೂ ಇತ್ತು. ಜಿಕೆವಿಕೆ ಆವರಣದಲ್ಲಿರುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಅದು, ನಿಮ್ಮಲ್ಲಿ ಕೃಷಿ ಮೇಳಕ್ಕೆ ಹೋದವರು ಅದರ ಗೇಟಿನ ಮುಂದೆ ಹಾದು ಹೋಗಿರುತ್ತೀರಿ. ಮೂರು ವರ್ಷದ ನಂತರ, 2009ರಲ್ಲಿ, ಬೆಂಗಳೂರಿನ ಸೃಷ್ಟಿ ಕಲಾ ಶಾಲೆಯಿಂದ ಇನ್ನೊಂದು ತಂಡ ಹೋಯಿತು. ಜೀವವಿಜ್ಞಾನ ಓದಿದವರಲ್ಲ, ಕಲೆ ಮತ್ತು ವಿನ್ಯಾಸದ ವಿದ್ಯಾರ್ಥಿಗಳು. ಅವರು ಆರಿಸಿಕೊಂಡದ್ದು ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯನ್ನು. ಆ ವಾಸನೆಗೆ ಕಾರಣ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು. ಅದನ್ನು ತಯಾರಿಸುವ ವಂಶವಾಹಿಯನ್ನು ಇ. ಕೋಲಿಗೆ ಸೇರಿಸಿ ಪ್ರಯೋಗಾಲಯದ ತಟ್ಟೆಯಲ್ಲಿ ಮಳೆಯ ವಾಸನೆ ಎಬ್ಬಿಸುವ ಕೆಲಸಕ್ಕೆ ಕೈಹಾಕಿದರು. ಮಾರುಕಟ್ಟೆಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಇಲ್ಲದಿರಬಹುದು. ಆದರೆ ಕಲಾ ಶಾಲೆಯ ಮಕ್ಕಳ ಕೈಗೆ ಈ ವಿದ್ಯೆ ಸಿಕ್ಕಿತು, ಅದೂ ಈ ಕ್ಷೇತ್ರ ಹುಟ್ಟಿ ಹತ್ತು ವರ್ಷ ತುಂಬುವ ಮೊದಲೇ, ಅದೂ ನಮ್ಮ ರಾಜ್ಯದಲ್ಲೇ ಎಂಬ ಸಂಗತಿಯನ್ನು ಎಷ್ಟು ಸಲ ಹೇಳಿದರೂ ನನಗೆ ದಣಿವಾಗುವುದಿಲ್ಲ.

ದೊಡ್ಡವರ ಕೆಲಸದಲ್ಲಿ ಹರಡುವಿಕೆ ಹೇಗಿದೆ ಎಂದು ನೋಡಲು ಕೃತಕ ಯೀಸ್ಟ್ ಯೋಜನೆಯನ್ನು ತೆಗೆದುಕೊಳ್ಳೋಣ. ಬ್ರೆಡ್ ಉಬ್ಬಿಸುವ, ಬಿಯರ್ ಹುದುಗಿಸುವ ಆ ಯೀಸ್ಟ್‌ನಲ್ಲಿ 16 ವರ್ಣತಂತುಗಳಿವೆ. ಅಷ್ಟನ್ನೂ ಹೊಸದಾಗಿ ಬರೆದು ಕಟ್ಟುವ ಯೋಜನೆಯನ್ನು ಅಮೆರಿಕದ ಜೆಫ್ ಬೋಕ್ ಮುನ್ನಡೆಸಿದರು. ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಪದವಿ ವಿದ್ಯಾರ್ಥಿಗಳಿಗೆ ತರಗತಿ ನಡೆಸಿ, ಅವರ ಕೈಯಿಂದಲೇ ಡಿಎನ್‌ಎ ತುಂಡುಗಳನ್ನು ಜೋಡಿಸಿದರು. 2014ರಲ್ಲಿ ಮೊದಲ ಪೂರ್ಣ ವರ್ಣತಂತು, 2017ರಲ್ಲಿ ಇನ್ನೈದು, 2025ರ ಆರಂಭದಲ್ಲಿ ಕೊನೆಯದು. ಆ ಕೊನೆಯದನ್ನು ಮುಗಿಸಿದ್ದು ಸಿಡ್ನಿಯ ಮಕ್ವಾರಿ ವಿಶ್ವವಿದ್ಯಾಲಯ. ಉಳಿದ ವರ್ಣತಂತುಗಳನ್ನು ಅಮೆರಿಕ, ಲಂಡನ್, ಎಡಿನ್‌ಬರೋ, ಟಿಯಾನ್‌ಜಿನ್, ಬೀಜಿಂಗ್, ಶೆನ್‌ಝೆನ್, ಸಿಂಗಪುರಗಳ ತಂಡಗಳು ಹಂಚಿಕೊಂಡಿದ್ದವು. ವರ್ಣತಂತು ವಹಿಸಿಕೊಂಡವರ ಪಟ್ಟಿಯಲ್ಲಿ ಭಾರತದ ತಂಡ ಇರಲಿಲ್ಲ. ಸಿಂಗಪುರದಂಥ ಒಂದು ನಗರರಾಷ್ಟ್ರ ಒಂದು ವರ್ಣತಂತುವನ್ನು ಹೆಗಲಿಗೆ ಹಾಕಿಕೊಂಡಾಗ ನಾವು ಏಕೆ ಹಾಕಿಕೊಳ್ಳಲಿಲ್ಲ ಎಂಬ ಪ್ರಶ್ನೆ ನನ್ನನ್ನು ಕಾಡುತ್ತದೆ. ನಮ್ಮಲ್ಲಿ ಜಾಣರಿಗೆ ಕೊರತೆ ಇರಲಿಲ್ಲ. ಹತ್ತು ವರ್ಷ ಒಂದೇ ಕೆಲಸಕ್ಕೆ ಹಣ ಕೊಡುತ್ತೇವೆ ಎಂದು ಮಾತು ಕೊಡುವ ವ್ಯವಸ್ಥೆ ಇರಲಿಲ್ಲ.

ಬ್ರಿಟನ್ ಆ ಮಾತು ಕೊಟ್ಟಿತು. 2012ರಲ್ಲಿ ರಾಷ್ಟ್ರೀಯ ಮುನ್ನೋಟವೊಂದನ್ನು ಬರೆದು, ಬ್ರಿಸ್ಟಲ್, ನಾಟಿಂಗ್‌ಹ್ಯಾಮ್, ಎಡಿನ್‌ಬರೋ, ಮ್ಯಾಂಚೆಸ್ಟರ್, ವಾರಿಕ್, ಕೇಂಬ್ರಿಜ್–ನಾರಿಚ್ ಹೀಗೆ ಆರು ಕಡೆ ಸಂಶೋಧನಾ ಕೇಂದ್ರ ತೆರೆಯಿತು. ಚೀನಾ ಇನ್ನೂ ದೊಡ್ಡ ಹೆಜ್ಜೆ ಇಟ್ಟಿತು. ಟಿಯಾನ್‌ಜಿನ್‌ನಲ್ಲಿ ಕೈಗಾರಿಕಾ ಜೀವತಂತ್ರಜ್ಞಾನಕ್ಕೇ ಒಂದು ಸಂಸ್ಥೆ, ಶೆನ್‌ಝೆನ್‌ನಲ್ಲಿ ಸಂಶ್ಲೇಷಿತ ಜೀವವಿಜ್ಞಾನಕ್ಕೇ ಇನ್ನೊಂದು. 2021ರಲ್ಲಿ ಟಿಯಾನ್‌ಜಿನ್‌ನವರು ಗಿಡವಿಲ್ಲದೆ, ಜೀವಕೋಶವೂ ಇಲ್ಲದೆ, ಇಂಗಾಲದ ಡೈಆಕ್ಸೈಡಿನಿಂದ ಪಿಷ್ಟ ತಯಾರಿಸಿದ್ದನ್ನು ಪ್ರಕಟಿಸಿದರು. ಗಿಡದಲ್ಲಿ ಸುಮಾರು 60 ಹಂತ ಹಿಡಿಯುವ ಕೆಲಸವನ್ನು ಅವರು 11 ಮುಖ್ಯ ಹಂತಗಳಿಗೆ ಇಳಿಸಿದ್ದರು. ಹೊಲದ ಮೆಕ್ಕೆಜೋಳಕ್ಕೆ ಅದರಿಂದ ಸದ್ಯಕ್ಕೆ ಅಪಾಯವೇನೂ ಇಲ್ಲ. ಅದಕ್ಕೆ ತಗಲುವ ವಿದ್ಯುತ್ತು, ಕಿಣ್ವಗಳ ಖರ್ಚು ನೋಡಿದರೆ ಬಿಸಿಲು ಇನ್ನೂ ಬಹಳ ಅಗ್ಗ. ಆದರೂ ಅಂಥದ್ದೊಂದು ಗುರಿ ಇಟ್ಟುಕೊಳ್ಳುವ ಧೈರ್ಯಕ್ಕೆ ಹಣ ಕೊಟ್ಟದ್ದನ್ನು ಗಮನಿಸಿ. ಆಫ್ರಿಕಾದ ಬಹುಭಾಗ, ಬ್ರೆಜಿಲ್ ಬಿಟ್ಟರೆ ದಕ್ಷಿಣ ಅಮೆರಿಕದ ಬಹುಭಾಗ ಭೂಪಟದಲ್ಲಿ ಇನ್ನೂ ಮಸುಕಾಗಿಯೇ ಇವೆ.

ಈಗ ಹಣದ ಭೂಪಟಕ್ಕೆ ಬರೋಣ. ಈ ವಿಷಯದ ಯಾವ ಭಾಷಣದಲ್ಲೂ ನೀವು ಒಂದು ಅಂಕಿಯನ್ನು ಕೇಳಿಯೇ ಕೇಳುತ್ತೀರಿ. 2020ರಲ್ಲಿ ಮೆಕಿನ್ಸಿ ಎಂಬ ವ್ಯವಹಾರ ಸಲಹಾ ಸಂಸ್ಥೆ ಹೇಳಿದ್ದು: ಜಗತ್ತಿನ ಅರ್ಥವ್ಯವಸ್ಥೆಗೆ ಬೇಕಾದ ಭೌತಿಕ ಕಚ್ಚಾವಸ್ತುಗಳಲ್ಲಿ ಶೇ 60ರಷ್ಟನ್ನು ತಾತ್ವಿಕವಾಗಿ ಜೀವಿಗಳ ಮೂಲಕ ತಯಾರಿಸಬಹುದು, 2030–40ರ ಹೊತ್ತಿಗೆ ವರ್ಷಕ್ಕೆ 2ರಿಂದ 4 ಲಕ್ಷ ಕೋಟಿ ಡಾಲರ್‌ಗಳ ನೇರ ಪ್ರಯೋಜನ ಆಗಬಹುದು. ಆ ಮಾತಿನಲ್ಲಿರುವ ‘ತಾತ್ವಿಕವಾಗಿ’ ಎಂಬುದನ್ನು ಬಹಳ ಹೂಡಿಕೆದಾರರು ಓದಲಿಲ್ಲ. ಮರುವರ್ಷ, 2021ರಲ್ಲಿ, ಈ ಕ್ಷೇತ್ರದ ಕಂಪನಿಯಾದ ಬಾಸ್ಟನ್ನಿನ ಗಿಂಕೋ ಬಯೋವರ್ಕ್ಸ್ ಸುಮಾರು 1,500 ಕೋಟಿ ಡಾಲರ್ ಮೌಲ್ಯಕ್ಕೆ ಷೇರುಪೇಟೆ ಪ್ರವೇಶಿಸಿತು. 2024ರ ಹೊತ್ತಿಗೆ ಅದರ ಷೇರು ಎಷ್ಟು ಕುಸಿದಿತ್ತೆಂದರೆ, 40 ಷೇರುಗಳನ್ನು ಕೂಡಿಸಿ ಒಂದು ಷೇರು ಮಾಡಬೇಕಾಯಿತು. ಇದೇ ಕ್ಷೇತ್ರದ ಇನ್ನೊಂದು ಕಂಪನಿ, ಕ್ಯಾಲಿಫೋರ್ನಿಯಾದ ಜೈಮರ್ಜೆನ್, 2021ರ ಏಪ್ರಿಲ್‌ನಲ್ಲಿ ಸುಮಾರು 50 ಕೋಟಿ ಡಾಲರ್ ಎತ್ತಿ, ಆಗಸ್ಟ್‌ನಲ್ಲಿ ತನ್ನ ಉತ್ಪನ್ನದಿಂದ ಹೇಳಿಕೊಳ್ಳುವಂಥ ಆದಾಯ ಸದ್ಯಕ್ಕೆ ಬರದು ಎಂದು ತಿಳಿಸಿತು.

ಇದನ್ನು ಕೇಳಿ ಎಲ್ಲವೂ ಬರೀ ಬುರುಗು ಎಂದುಕೊಳ್ಳಬೇಡಿ. ಹಣ ಎಲ್ಲಿ ಜಾರಿತು ಎಂಬುದನ್ನು ಹತ್ತಿರದಿಂದ ನೋಡಬೇಕು. ಅದಕ್ಕೆ ಮಲೇರಿಯಾದ ಆರ್ಟೆಮಿಸಿನಿನ್ ಔಷಧಿಗಿಂತ ಒಳ್ಳೆಯ ಪಾಠ ಇಲ್ಲ.

ಆರ್ಟೆಮಿಸಿನಿನ್ ಸಿಗುವುದು ಆರ್ಟೆಮಿಸಿಯಾ ಆನ್ಯುವಾ ಎಂಬ ಗಿಡದಲ್ಲಿ. ನಾವು ಹೂಮಾಲೆಯಲ್ಲಿ ಮುಡಿಯುವ ದವನ ಇದೆಯಲ್ಲ, ಅದೂ ಆರ್ಟೆಮಿಸಿಯಾ ಕುಲದ್ದೇ, ಮಾಚಿಪತ್ರೆಯೂ ಅದೇ ಕುಲದ್ದು. ಚೀನಾದ ತು ಯೂಯೂ ಈ ಔಷಧಿ ಕಂಡುಹಿಡಿದು 2015ರಲ್ಲಿ ನೊಬೆಲ್ ಪಡೆದರು. ಗಿಡವನ್ನು ಬೆಳೆಯುವವರು ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ಸಣ್ಣ ರೈತರು. ಬೆಲೆ ಒಂದು ವರ್ಷ ಗಗನಕ್ಕೆ, ಮರುವರ್ಷ ಪಾತಾಳಕ್ಕೆ. ಔಷಧಿ ಕೊಳ್ಳುವವರಿಗೂ ಬೆಳೆಯುವವರಿಗೂ ನೆಮ್ಮದಿ ಇರಲಿಲ್ಲ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿ ಜೇ ಕೀಸ್ಲಿಂಗ್ ಈ ಗಿಡದ ವಂಶವಾಹಿಗಳನ್ನು ಯೀಸ್ಟ್‌ಗೆ ಸೇರಿಸಿದರು. ಗೇಟ್ಸ್ ಪ್ರತಿಷ್ಠಾನ 2004ರಲ್ಲಿ ಯೋಜನೆಗೆ 4 ಕೋಟಿ 26 ಲಕ್ಷ ಡಾಲರ್ ಕೊಟ್ಟಿತು. 2006ರಲ್ಲಿ ಲೀಟರಿಗೆ ಸುಮಾರು 100 ಮಿಲಿಗ್ರಾಂ ಆರ್ಟೆಮಿಸಿನಿಕ್ ಆಮ್ಲ, ಅಂದರೆ ಔಷಧಿಯಾಗುವ ಹಿಂದಿನ ಹಂತದ ವಸ್ತು, ಬರುತ್ತಿತ್ತು. 2013ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅದು ಲೀಟರಿಗೆ 25 ಗ್ರಾಂ. ಏಳು ವರ್ಷಕ್ಕೆ 250 ಪಟ್ಟು! ವಿಜ್ಞಾನವಾಗಿ ಅದು ಅದ್ಭುತ. ಸನೋಫಿ ಕಂಪನಿ ಇಟಲಿಯ ಗರೆಸಿಯೊ ಎಂಬ ಊರಿನಲ್ಲಿ ಕಾರ್ಖಾನೆ ತೆರೆಯಿತು. ಜಗತ್ತಿನ ಬೇಡಿಕೆಯ ಮೂರನೇ ಒಂದು ಭಾಗವನ್ನಾದರೂ ಪೂರೈಸಬಲ್ಲ ಸಾಮರ್ಥ್ಯ ಅದಕ್ಕಿತ್ತು.

ಆಮೇಲೆ ಏನಾಯಿತು? ಯೀಸ್ಟ್‌ನಿಂದ ಬಂದ ಔಷಧಿಗೆ ಕಿಲೋಗೆ 350ರಿಂದ 400 ಡಾಲರ್ ಬೀಳುತ್ತಿತ್ತು. ಅಷ್ಟರಲ್ಲಿ ರೈತರು ಬೆಳೆಯನ್ನು ಹೆಚ್ಚಿಸಿದ್ದರು, ಗಿಡದಿಂದ ತೆಗೆದದ್ದು ಕಿಲೋಗೆ 250 ಡಾಲರ್‌ಗಿಂತ ಕಡಿಮೆಗೆ ಸಿಗತೊಡಗಿತು. 2015ರಲ್ಲಿ ಗರೆಸಿಯೊದಲ್ಲಿ ಈ ಔಷಧಿಯನ್ನು ಒಂದು ಗ್ರಾಂ ಕೂಡ ತಯಾರಿಸಲಿಲ್ಲ. ಮರುವರ್ಷ ಕಾರ್ಖಾನೆಯನ್ನೇ ಬಲ್ಗೇರಿಯಾದ ಕಂಪನಿಯೊಂದಕ್ಕೆ ಮಾರಿದರು. ಇಪ್ಪತ್ತೊಂದನೆಯ ಶತಮಾನದ ಅತಿ ಜಾಣ ಯೀಸ್ಟ್ ಒಂದು ಸಣ್ಣ ಹಿಡುವಳಿಯ ಗಿಡದ ಮುಂದೆ ಸೋತಿತು. ಈ ಸೋಲಿನಲ್ಲಿ ನನಗೆ ಎರಡು ಸಂಗತಿ ಮುಖ್ಯ. ರೈತ, ಬಿಸಿಲು, ಮಣ್ಣು ಒಟ್ಟಿಗೆ ಬಂದರೆ ಅದು ಸುಲಭಕ್ಕೆ ಮಣಿಯುವ ಎದುರಾಳಿಯಲ್ಲ. ಎರಡನೆಯದು, ಯೀಸ್ಟ್ ಕಾರ್ಖಾನೆ ಇದೆ ಎಂಬ ಸುದ್ದಿಯೇ ಬೆಲೆಯನ್ನು ಕೆಳಗೆ ಒತ್ತುತ್ತದೆ. ಗೆದ್ದ ರೈತನಿಗೂ ಆ ವರ್ಷ ಲಾಭವೇನೂ ಆಗಿರಲಾರದು.

ಅದೇ ಬರ್ಕ್ಲಿಯ ತಂಡ 2003ರಲ್ಲಿ ಕಟ್ಟಿದ ಕಂಪನಿ ಅಮೈರಿಸ್. ಔಷಧಿಯಲ್ಲಿ ಲಾಭ ಮಾಡಿಕೊಳ್ಳುವುದಿಲ್ಲ ಎಂದು ಮೊದಲೇ ಒಪ್ಪಿದ್ದ ಅವರು ಅದೇ ಯೀಸ್ಟ್‌ನಿಂದ ಡೀಸೆಲ್ ತೆಗೆಯಲು ಹೊರಟರು. ಕಬ್ಬಿನ ನಾಡಾದ ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯದ ಬ್ರೋಟಾಸ್‌ನಲ್ಲಿ, ಸಕ್ಕರೆ ಕಾರ್ಖಾನೆಯ ಪಕ್ಕದಲ್ಲೇ ಘಟಕ ಕಟ್ಟಿದರು. ಯೀಸ್ಟ್‌ಗೆ ಕಬ್ಬಿನ ಹಾಲು ಉಣಿಸಿ ಫಾರ್ನಸೀನ್ ಎಂಬ ಎಣ್ಣೆ ತೆಗೆದು, ಅದರಿಂದ ಮಾಡಿದ ಡೀಸೆಲ್‌ನಲ್ಲಿ ಸಾವೊ ಪಾಲೊ ನಗರದ ಬಸ್ಸುಗಳನ್ನು ಓಡಿಸಿಯೂ ತೋರಿಸಿದರು. ಆದರೆ ಇಲ್ಲಿ ಒಂದು ಲೆಕ್ಕ ಇದೆ, ವಿದ್ಯಾರ್ಥಿಗಳು ಮನೆಗೆ ಹೋಗಿ ಮಾಡಿ ನೋಡಿ. ನೂರು ಕಿಲೋ ಗ್ಲೂಕೋಸ್‌ನಿಂದ ಹೆಚ್ಚೆಂದರೆ 51 ಕಿಲೋ ಎಥೆನಾಲ್ ಬರುತ್ತದೆ. ಫಾರ್ನಸೀನ್‌ನಲ್ಲಿ ಆಮ್ಲಜನಕವೇ ಇಲ್ಲ, ಬರೀ ಇಂಗಾಲ, ಜಲಜನಕ. ಆದ್ದರಿಂದ ಯೀಸ್ಟ್ ಎಷ್ಟೇ ಜಾಣ್ಮೆಯಿಂದ ದುಡಿದರೂ ನೂರು ಕಿಲೋ ಸಕ್ಕರೆಗೆ 33 ಕಿಲೋ ದಾಟಲು ರಸಾಯನಶಾಸ್ತ್ರವೇ ಬಿಡುವುದಿಲ್ಲ. ಒಂದು ಕಿಲೋ ಡೀಸೆಲ್‌ಗೆ ಮೂರು ಕಿಲೋಗೂ ಮೀರಿ ಸಕ್ಕರೆ! ಇದು ಯಾವ ಕಾಲಕ್ಕೂ ಹೊಂದದ ಲೆಕ್ಕ.

ಅದೇ ಫಾರ್ನಸೀನ್‌ನಿಂದ ಸ್ಕ್ವಾಲೇನ್ ಮಾಡಿದರೆ ಲೆಕ್ಕ ತಲೆಕೆಳಗಾಗುತ್ತದೆ. ಅದು ಮುಖದ ಕ್ರೀಮುಗಳಿಗೆ ಬಳಸುವ ಎಣ್ಣೆ, ಮೊದಲು ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದದ್ದು. ಡೀಸೆಲ್‌ಗಿಂತ ಹತ್ತಾರು ಪಟ್ಟು ಬೆಲೆ. ಶಾರ್ಕ್ ಉಳಿಯಿತು, ಮಾರಾಟವೂ ಆಯಿತು. ಅಮೈರಿಸ್ ಮಾತ್ರ ಸಾಲದಲ್ಲಿ ಸಿಲುಕಿ 2023ರಲ್ಲಿ ದಿವಾಳಿ ಅರ್ಜಿ ಹಾಕಿತು. ಬ್ರೋಟಾಸ್‌ನ ಆ ಘಟಕವನ್ನು ಅದಕ್ಕೂ ಮೊದಲೇ, 2017ರಲ್ಲಿ, ಡಚ್ ಕಂಪನಿ ಡಿಎಸ್‌ಎಮ್ ಕೊಂಡಿತ್ತು. ಯೀಸ್ಟ್ ವಿನ್ಯಾಸ ಮಾಡಿದವರು ಒಂದು ದೇಶ, ಕಬ್ಬು ಇನ್ನೊಂದು ದೇಶ, ಕೊನೆಗೆ ಯೀಸ್ಟ್ ಬೆಳೆಸುವ ಟ್ಯಾಂಕಿನ ಒಡೆತನ ಮೂರನೇ ದೇಶದ್ದು. ನಾನು ಆಗ ಹೇಳಿದ ಎರಡು ಭೂಪಟಗಳು ತಾಳೆಯಾಗದಿರುವುದು ಹೀಗೆ.

ಟ್ಯಾಂಕಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹತ್ತು ಜನಕ್ಕೆ ರುಚಿಯಾಗಿ ಸಾರು ಮಾಡುವವರೆಲ್ಲ ಎರಡು ಸಾವಿರ ಜನರ ಮದುವೆಗೆ ಅಡುಗೆ ಮಾಡಲಾರರು ಎಂಬುದು ನಿಮಗೆ ಗೊತ್ತು. ಪ್ರಯೋಗಾಲಯದ ಒಂದು ಲೀಟರ್ ಸೀಸೆಯಲ್ಲಿ ಗಾಳಿ, ಸಕ್ಕರೆ, ಶಾಖ ಎಲ್ಲವೂ ಪ್ರತಿ ಜೀವಕೋಶಕ್ಕೂ ಒಂದೇ ಸಮ. ಎರಡು ಲಕ್ಷ ಲೀಟರ್ ಟ್ಯಾಂಕಿನಲ್ಲಿ ಹಾಗಲ್ಲ. ಸಕ್ಕರೆ ಬೀಳುವ ಬಾಯಿಯ ಬಳಿ ಇರುವ ಕೋಶಕ್ಕೆ ಅಜೀರ್ಣ, ದೂರದಲ್ಲಿರುವುದಕ್ಕೆ ಉಪವಾಸ. ಕೆಳಗಿನಿಂದ ಊದಿದ ಗಾಳಿ ಮೇಲೇರುವಷ್ಟರಲ್ಲಿ ಆಮ್ಲಜನಕ ಖಾಲಿಯಾಗಿರುತ್ತದೆ. ಕೋಟ್ಯಂತರ ಕೋಶಗಳು ಉಸಿರಾಡುವಾಗ ಹುಟ್ಟುವ ಶಾಖವನ್ನು ತಣ್ಣೀರಿನ ಕೊಳವೆಗಳಿಂದ ಹೊರಗೆ ಎಳೆಯುತ್ತಲೇ ಇರಬೇಕು, ಇಲ್ಲವಾದರೆ ಯೀಸ್ಟ್ ಬೆಂದು ಹೋಗುತ್ತದೆ. ಇಷ್ಟರ ಮೇಲೆ ಜೀವವಿಕಾಸದ ಕಾಟ. ಒಂದು ಮಿಲಿಲೀಟರ್ ಬೀಜದ್ರವದಿಂದ ಅದೇ ಸಾಂದ್ರತೆಯಲ್ಲಿ ಎರಡು ಲಕ್ಷ ಲೀಟರ್ ತುಂಬಬೇಕಾದರೆ ಕೋಶಗಳು ಸುಮಾರು 28 ಬಾರಿ ಇಮ್ಮಡಿಯಾಗಬೇಕು. ಈ ನಡುವೆ ಯಾವುದಾದರೂ ಒಂದು ಕೋಶದಲ್ಲಿ ನಾವು ಸೇರಿಸಿದ ವಂಶವಾಹಿ ಕೆಟ್ಟಿತು ಎನ್ನಿ. ಅದಕ್ಕೆ ನಮ್ಮ ಎಣ್ಣೆ ತಯಾರಿಸುವ ಭಾರ ಇಳಿಯಿತು, ಅದು ಉಳಿದವುಗಳಿಗಿಂತ ಬೇಗ ಬೆಳೆಯುತ್ತದೆ. ದಿನಗಳೆದಂತೆ ಟ್ಯಾಂಕಿನ ತುಂಬ ತಿಂದು ಕೂರುವ ಸೋಮಾರಿಗಳೇ ತುಂಬಿಕೊಳ್ಳುತ್ತಾರೆ. ಕಂಪನಿಗಳು ದಿವಾಳಿಯಾದದ್ದು ವಂಶವಾಹಿ ಬರೆಯಲು ಬಾರದೆ ಅಲ್ಲ, ಬಹುತೇಕ ಈ ಟ್ಯಾಂಕು ಮತ್ತು ಮಾರುಕಟ್ಟೆಗಳ ನಡುವಿನ ಕಂದರದಲ್ಲಿ ಬಿದ್ದು.

ಕಂದರವನ್ನು ದಾಟಿದವರೂ ಇದ್ದಾರೆ. ಅಮೆರಿಕದ ಟೆನೆಸಿಯ ಲೌಡನ್ ಎಂಬ ಊರಿನಲ್ಲಿ 2006ರಿಂದ ಮೆಕ್ಕೆಜೋಳದ ಸಕ್ಕರೆಯಿಂದ ಪ್ರೊಪೇನ್‌ಡೈಯಾಲ್ ತಯಾರಾಗುತ್ತಿದೆ, ಅದರಿಂದ ರತ್ನಗಂಬಳಿಯ ನೂಲು ಆಗುತ್ತದೆ. ಇಟಲಿಯ ಬೊಟ್ರಿಗೆಯಲ್ಲಿ 2016ರಿಂದ ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಬ್ಯುಟೇನ್‌ಡೈಯಾಲ್ ಎಂಬ ರಾಸಾಯನಿಕವನ್ನು ವರ್ಷಕ್ಕೆ 30,000 ಟನ್ ಮಾಡುವ ಸಾಮರ್ಥ್ಯದ ಘಟಕ ಇದೆ. ಅದೇ ರಾಸಾಯನಿಕಕ್ಕೆ ಅಯೋವಾದ ಎಡ್ಡಿವಿಲ್‌ನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಸಾಮರ್ಥ್ಯದ ಕಾರ್ಖಾನೆ ಎದ್ದಿದೆ. ಲೌಡನ್, ಬೊಟ್ರಿಗೆ, ಎಡ್ಡಿವಿಲ್ ಈ ಹೆಸರುಗಳನ್ನು ಸಂಶೋಧನಾ ಭೂಪಟದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇವುಗಳಲ್ಲಿ ಎರಡು ಮೆಕ್ಕೆಜೋಳ ಅರೆದು ಸಕ್ಕರೆ ತೆಗೆಯುವ ಊರುಗಳು. ಇಟಲಿಯದ್ದು ಹಿಂದೆ ಬೇರೊಂದಕ್ಕೆ ಹುದುಗುವಿಕೆ ನಡೆಸಿ ಪಾಳುಬಿದ್ದಿದ್ದ ಕಾರ್ಖಾನೆ.

ನಮ್ಮ ಕಡೆಗೆ ತಿರುಗೋಣ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ಯೀಸ್ಟ್‌ನಿಂದ ಹೆಪಟೈಟಿಸ್ ಬಿ ಲಸಿಕೆ ತಯಾರಿಸಿ ಆಮದು ಲಸಿಕೆಯ ಬೆಲೆಯನ್ನು ನೆಲಕ್ಕಿಳಿಸಿತು. ಬೆಂಗಳೂರಿನ ಬಯೋಕಾನ್ 1978ರಲ್ಲಿ ಪಪ್ಪಾಯಿಯ ಕಿಣ್ವ ತೆಗೆಯುವುದರಿಂದ ಆರಂಭಿಸಿ, 2004ರಲ್ಲಿ ಪಿಚಿಯಾ ಎಂಬ ಯೀಸ್ಟ್‌ನಿಂದ ತಯಾರಿಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಈ ಎರಡನ್ನೂ ಕಟ್ಟುನಿಟ್ಟಾದ ಅರ್ಥದಲ್ಲಿ ಸಂಶ್ಲೇಷಿತ ಜೀವವಿಜ್ಞಾನ ಎನ್ನದಿರಬಹುದು. ಆದರೆ ಟ್ಯಾಂಕ್ ನಡೆಸುವ ಕೈಗಳು ತಯಾರಾದದ್ದು ಅಲ್ಲಿ. ಮೀಥೇನ್ ಅನಿಲವನ್ನು ಬ್ಯಾಕ್ಟೀರಿಯಾಗೆ ಉಣಿಸಿ ಪ್ರೋಟೀನ್ ಬೆಳೆಯುವ ಸ್ಟ್ರಿಂಗ್ ಬಯೋ 2013ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಆ ಊರಿಗೆ ಸಾಫ್ಟ್‌ವೇರ್ ಮಾತ್ರ ಗೊತ್ತು ಎಂಬುದು ತಪ್ಪು ತಿಳಿವಳಿಕೆ.

ನಮ್ಮಲ್ಲಿ ಸಕ್ಕರೆಯೂ ಇದೆ. ಬ್ರೆಜಿಲ್ ಬಿಟ್ಟರೆ ಸಕ್ಕರೆಯಲ್ಲಿ ನಮ್ಮದೇ ದೇಶ, ದೇಶದೊಳಗೆ ಉತ್ತರ ಪ್ರದೇಶ, ಮಹಾರಾಷ್ಟ್ರಗಳ ನಂತರ ನಮ್ಮದೇ ರಾಜ್ಯ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಾರ್ಖಾನೆಗಳ ಪಕ್ಕದಲ್ಲಿ ಡಿಸ್ಟಿಲರಿಗಳಿವೆ, ಕಾಕಂಬಿ ಇದೆ. ಹಾಗಾದರೆ ಬ್ರೋಟಾಸ್‌ನಂತೆ ನಾಳೆಯೇ ಶುರು ಮಾಡಬಹುದಲ್ಲ ಎಂದು ಸಕ್ಕರೆ ಕಾರ್ಖಾನೆಯ ಗೆಳೆಯರು ಕೇಳುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟು. ಎಥೆನಾಲ್ ಮಾಡುವ ಯೀಸ್ಟ್‌ಗೆ ಗಾಳಿ ಬೇಡ, ಅದು ಮಾಡುವ ಮದ್ಯವೇ ಬೇರೆ ಸೂಕ್ಷ್ಮಜೀವಿಗಳನ್ನು ದೂರ ಇಡುತ್ತದೆ, ಸ್ವಲ್ಪ ಗಲೀಜಾದರೂ ನಡೆಯುತ್ತದೆ. ವಿನ್ಯಾಸಗೊಳಿಸಿದ ಯೀಸ್ಟ್ ಹಾಗಲ್ಲ. ಅದಕ್ಕೆ ಹಗಲಿರುಳು ಗಾಳಿ ಊದಬೇಕು, ಟ್ಯಾಂಕನ್ನು ಹಬೆಯಿಂದ ಶುದ್ಧ ಮಾಡಬೇಕು, ಬಾಗಲಕೋಟೆಯ ಏಪ್ರಿಲ್ ಬಿಸಿಲಿನಲ್ಲಿ ನೀರನ್ನು ತಣ್ಣಗಿಡಲು ವಿದ್ಯುತ್ ಸುರಿಯಬೇಕು. ಇರುವ ಡಿಸ್ಟಿಲರಿಯನ್ನು ಹಾಗೇ ಬಳಸಲು ಆಗದು. ಆದರೆ ಕಬ್ಬು ಅರೆಯುವ ಗಿರಣಿ, ಸಿಪ್ಪೆ ಸುಟ್ಟು ತೆಗೆಯುವ ಹಬೆ ಮತ್ತು ವಿದ್ಯುತ್ತು, ಹುದುಗುವಿಕೆಯನ್ನು ಕಣ್ಣಿನಲ್ಲೇ ಅಳೆಯಬಲ್ಲ ಕೆಲಸಗಾರರು ಇದ್ದಾರಲ್ಲ, ಅಷ್ಟು ಇಲ್ಲದ ದೇಶಗಳು ಎಷ್ಟೋ ಇವೆ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಬಯೋ-ಇ3 ಎಂಬ ನೀತಿಗೆ ಒಪ್ಪಿಗೆ ಕೊಟ್ಟಿತು. 2030ರ ಹೊತ್ತಿಗೆ ಜೈವಿಕ ಆರ್ಥಿಕತೆಯನ್ನು 30,000 ಕೋಟಿ ಡಾಲರ್‌ಗೆ ಏರಿಸುವುದು ಸರ್ಕಾರದ ಗುರಿ. ಆ ಲೆಕ್ಕದಲ್ಲಿ ಲಸಿಕೆ, ಎಥೆನಾಲ್, ಬಿಟಿ ಹತ್ತಿ ಎಲ್ಲವೂ ಸೇರಿರುತ್ತವೆ, ಆದ್ದರಿಂದ ಆ ಮೊತ್ತವನ್ನು ಈ ಒಂದು ಕ್ಷೇತ್ರದ ಲೆಕ್ಕಕ್ಕೆ ಬರೆದುಕೊಳ್ಳಬೇಡಿ. ನೀತಿಯಲ್ಲಿ ಎರಡು ಬಗೆಯ ಕೇಂದ್ರಗಳ ಮಾತಿದೆ: ಜೀವಿಗಳನ್ನು ಯಂತ್ರಗಳ ನೆರವಿನಿಂದ ವಿನ್ಯಾಸ ಮಾಡುವ ಬಯೋಫೌಂಡ್ರಿಗಳು, ಮತ್ತು ದೊಡ್ಡ ಪ್ರಮಾಣದ ತಯಾರಿಕೆಗೆ ನೆರವಾಗುವ ಕೇಂದ್ರಗಳು. ಉದ್ಘಾಟನೆಗೆ ಮೊದಲನೆಯದು ಚೆನ್ನಾಗಿ ಕಾಣುತ್ತದೆ, ರೋಬಾಟ್ ತೋಳುಗಳಿರುತ್ತವೆ, ಫೋಟೊ ಚೆನ್ನಾಗಿ ಬರುತ್ತದೆ. ನಾನು ಎರಡನೆಯದಕ್ಕೆ ಜೋರಾಗಿ ವಾದಿಸುತ್ತೇನೆ. ಬೆಲ್ಜಿಯಂನ ಗೆಂಟ್ ಬಂದರಿನಲ್ಲಿ ಒಂದು ಪ್ರಾಯೋಗಿಕ ಘಟಕವಿದೆ. ಯಾವ ಕಂಪನಿ ಬೇಕಾದರೂ ಬಾಡಿಗೆ ಕೊಟ್ಟು ತನ್ನ ಯೀಸ್ಟ್ ಸಾವಿರಾರು ಲೀಟರ್‌ನಲ್ಲಿ ಬದುಕುತ್ತದೆಯೇ ಎಂದು ಅಲ್ಲಿ ಪರೀಕ್ಷಿಸಬಹುದು. ಸೋತರೆ ಅಲ್ಲೇ, ಕಡಿಮೆ ಖರ್ಚಿನಲ್ಲಿ ಸೋಲುತ್ತದೆ. ಅಂಥದ್ದೊಂದು ಘಟಕ ಕರ್ನಾಟಕದ ಕಬ್ಬಿನ ಜಿಲ್ಲೆಯೊಂದರಲ್ಲಿ, ಬೆಂಗಳೂರಿನಲ್ಲಿ ಅಲ್ಲ, ಇರಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ವಿದ್ಯಾರ್ಥಿಗಳಿಗೂ ಇದೇ ಮಾತು: ಎಲ್ಲರೂ ಡಿಎನ್‌ಎ ಬರೆಯಲು ಹೋಗಬೇಡಿ, ಕೆಲವರಾದರೂ ಕೆಮಿಕಲ್ ಎಂಜಿನಿಯರಿಂಗ್ ಓದಿ ಟ್ಯಾಂಕಿನ ಕಡೆ ಬನ್ನಿ.

ಸುರಕ್ಷತೆಯ ಬಗ್ಗೆ ಒಂದು ಮಾತು. ಡಿಎನ್‌ಎ ಮಾರುವ ದೊಡ್ಡ ಕಂಪನಿಗಳು 2009ರಲ್ಲೇ ಒಕ್ಕೂಟ ಮಾಡಿಕೊಂಡು, ಬಂದ ಪ್ರತಿ ಆರ್ಡರನ್ನೂ ರೋಗಾಣುಗಳ ಪಟ್ಟಿಯೊಡನೆ ಹೋಲಿಸಿ ನೋಡುವ ಪದ್ಧತಿ ತಂದವು. ಅದು ಸ್ವಯಂಪ್ರೇರಿತ, ಎಲ್ಲ ಕಂಪನಿಗಳೂ ಅದರಲ್ಲಿ ಇಲ್ಲ. ಕಾನೂನಿನ ಕಡ್ಡಾಯ ಬೇಕು.

ಇನ್ನು ಬೆಳೆಗಾರರ ಪ್ರಶ್ನೆ. ವೆನಿಲ್ಲಾ ನೆನಪಿದೆಯೇ? 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದು ಬೆಲೆ ಏರಿದಾಗ ಮಲೆನಾಡು, ಕರಾವಳಿಯ ತೋಟಗಳಲ್ಲೆಲ್ಲ ವೆನಿಲ್ಲಾ ಬಳ್ಳಿ ಹಬ್ಬಿತು. ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುವ ಹೂವಿಗೆ ಕಡ್ಡಿಯಿಂದ ಒಂದೊಂದಾಗಿ ಪರಾಗ ಮುಟ್ಟಿಸಿದವರು, ಕಾಯಿ ಕಳುವಾಗದಂತೆ ರಾತ್ರಿ ತೋಟ ಕಾದವರು ಈ ಸಭೆಯಲ್ಲೇ ಇರಬಹುದು. 2004–05ರ ಹೊತ್ತಿಗೆ ಬೆಲೆ ನೆಲಕಚ್ಚಿತು. ಮಡಗಾಸ್ಕರ್‌ನ ಬೆಳೆ ಚೇತರಿಸಿಕೊಂಡದ್ದು ಒಂದು ಕಾರಣ, ದುಬಾರಿ ಬೆಲೆ ಕಂಡ ಐಸ್‌ಕ್ರೀಂ ಕಂಪನಿಗಳು ವೆನಿಲ್ಲಾಕ್ಕೆ ಪರಿಮಳ ಕೊಡುವ ವೆನಿಲಿನ್ ಎಂಬ ವಸ್ತುವನ್ನು ಪೆಟ್ರೋಲಿಯಂನಿಂದ ಮಾಡಿದ್ದಕ್ಕೆ ಹೊರಳಿದ್ದು ಇನ್ನೊಂದು. ಆಗ ಯೀಸ್ಟ್ ಇನ್ನೂ ಆ ಆಟದಲ್ಲಿರಲಿಲ್ಲ. 2014ರ ಹೊತ್ತಿಗೆ ಸ್ವಿಟ್ಜರ್ಲೆಂಡಿನ ಇವೊಲ್ವಾ ಕಂಪನಿಯ ಯೀಸ್ಟ್ ವೆನಿಲಿನ್ ಕೂಡ ಮಾರುಕಟ್ಟೆಗೆ ಬಂತು. ಕಿಲೋಗೆ ಹೆಚ್ಚು ಬೆಲೆ ಇರುವ, ಅಣುವಿನ ಗುಟ್ಟು ಬಯಲಾಗಿರುವ ಯಾವ ಸುಗಂಧ, ಬಣ್ಣ, ಔಷಧಿಯಾದರೂ ಈ ಕ್ಷೇತ್ರದ ಕಣ್ಣಿಗೆ ಬೀಳುತ್ತದೆ. ದವನದ ಎಣ್ಣೆ ಬೆಳೆಯುವವರು, ಶ್ರೀಗಂಧ ನೆಟ್ಟವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಕಾಳುಮೆಣಸಿನ ವಿಷಯದಲ್ಲಿ ನನಗೆ ಅಷ್ಟು ಭಯವಿಲ್ಲ. ಅಡುಗೆಮನೆಗೆ ಬೇಕಾಗಿರುವುದು ಕಾಳು, ಅದರೊಳಗಿನ ಒಂದು ಅಣುವಲ್ಲ.

ಗಿಡದಿಂದ ಗುಟ್ಟನ್ನು ಓದಿಕೊಂಡವರು ಗಿಡ ಉಳಿಸಿದವರಿಗೆ ಏನು ಕೊಡಬೇಕು? ಮೊದಲು ಗಿಡವನ್ನೇ ಒಯ್ಯಬೇಕಿತ್ತು, ಒಯ್ಯುವವರನ್ನು ಬಂದರಿನಲ್ಲಿ ತಡೆಯಬಹುದಿತ್ತು. ಈಗ ಅದರ ಡಿಎನ್‌ಎ ಅಕ್ಷರಗಳು ಕಂಪ್ಯೂಟರಿನ ಭಂಡಾರದಲ್ಲಿದ್ದರೆ ಸಾಕು. 2024ರಲ್ಲಿ ಕೊಲಂಬಿಯಾದ ಕಾಲಿ ನಗರದಲ್ಲಿ ನಡೆದ ಜೀವವೈವಿಧ್ಯ ಸಮ್ಮೇಳನ ಇದಕ್ಕೊಂದು ನಿಧಿಯನ್ನು ಒಪ್ಪಿತು. ಇಂಥ ಮಾಹಿತಿಯಿಂದ ಲಾಭ ಮಾಡುವ ದೊಡ್ಡ ಕಂಪನಿಗಳು ಲಾಭದ ಶೇ 1 ಅಥವಾ ವಹಿವಾಟಿನ ಶೇ 0.1ರಷ್ಟು ಕೊಡಬೇಕು, ಅದರಲ್ಲಿ ಕನಿಷ್ಠ ಅರ್ಧ ಮೂಲನಿವಾಸಿಗಳಿಗೆ, ಸ್ಥಳೀಯ ಸಮುದಾಯಗಳಿಗೆ ಸಲ್ಲಬೇಕು ಎಂದು. ಸದ್ಯಕ್ಕೆ ಅದು ಕಡ್ಡಾಯವಲ್ಲ. ನಾಳೆ ಕಡ್ಡಾಯವಾದರೆ, ಈ ಗಿಡ ನಮ್ಮದು, ಇದರ ಬಳಕೆ ನಮ್ಮವರಿಗೆ ಗೊತ್ತಿತ್ತು ಎಂದು ತೋರಿಸಲು ಕಾಗದ ಬೇಕಾಗುತ್ತದೆ. ನಮ್ಮ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ತಳಿ, ನಾಟಿ ತಿಳಿವಳಿಕೆಯನ್ನೆಲ್ಲ ಬರೆದಿಟ್ಟ ದಾಖಲಾತಿ ಇರಬೇಕು. ಮುಂದಿನ ವಾರ ಪಂಚಾಯಿತಿ ಕಚೇರಿಗೆ ಹೋದಾಗ ಆ ಪುಸ್ತಕವನ್ನು ಕೇಳಿ. ತೋರಿಸಿದರೆ ತೆರೆದು, ನಿಮ್ಮ ತೋಟದಲ್ಲಿ, ಬೆಟ್ಟದಲ್ಲಿ ಇರುವುದೆಲ್ಲ ಅದರಲ್ಲಿ ಸೇರಿದೆಯೇ ಎಂದು ನೋಡಿ. ಇಲ್ಲ ಎಂದರೆ ಬರೆಯಲು ಶುರು ಮಾಡಿ ಎಂದು ಅರ್ಜಿ ಕೊಡಿ, ನಾಟಿ ವೈದ್ಯ ಗೊತ್ತಿರುವ ಅಜ್ಜಿಯರು ಊರಿನಲ್ಲಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.